ಬೀಗದ ಕೈ ಒಪ್ಪಿಸಿದ ದಿನ: ಅವಧಿಗೆ ಮೊದಲೇ ಬಾಡಿಗೆ ಮನೆ ಬಿಡುವವರ ಹೊಣೆಗಳು

(ಬೆಂಗಳೂರಿನ ಒಂದು ಬಡಾವಣೆಯ ನಿವಾಸಿಗಳ ಸಭೆಯಲ್ಲಿ ವಕೀಲರೊಬ್ಬರು ನೀಡಿದ ಉಪನ್ಯಾಸದ ಬರಹ ರೂಪ. ಕೊನೆಯಲ್ಲಿ ಸಭಿಕರು ಕೇಳಿದ ಎರಡು ಪ್ರಶ್ನೆಗಳನ್ನೂ ಸೇರಿಸಿಕೊಳ್ಳಲಾಗಿದೆ.)

ಈ ಸಭೆಯಲ್ಲಿ ಬಾಡಿಗೆದಾರರೂ ಇದ್ದೀರಿ, ಮಾಲೀಕರೂ ಇದ್ದೀರಿ. ಊರಿನ ಸ್ವಂತ ಮನೆಯನ್ನು ಬಾಡಿಗೆಗೆ ಕೊಟ್ಟು ಇಲ್ಲಿ ತಾವೇ ಬಾಡಿಗೆ ಮನೆಯಲ್ಲಿರುವವರೂ ಕೆಲವರಿದ್ದೀರಿ. ಆದ್ದರಿಂದ ಒಂದು ಪಕ್ಷದ ವಕಾಲತ್ತು ವಹಿಸಿ ಮಾತನಾಡುವ ಸ್ವಾತಂತ್ರ್ಯ ನನಗಿಲ್ಲ. ವಿಷಯ ಇಷ್ಟೇ: ಕರಾರಿನ ಅವಧಿ ಮುಗಿಯುವ ಮೊದಲೇ ಮನೆ ಬಿಡಬೇಕಾಗಿ ಬಂದ ಬಾಡಿಗೆದಾರನಿಗೆ ಕಾನೂನಿನ ಪ್ರಕಾರ ಏನೇನು ಹೊಣೆಗಳಿವೆ, ಆ ಹೊಣೆಗಳು ಯಾವ ದಿನಕ್ಕೆ ನಿಲ್ಲುತ್ತವೆ?

ನನ್ನ ಬಳಿಗೆ ಬಂದ ಒಂದು ವ್ಯಾಜ್ಯದಿಂದಲೇ ಆರಂಭಿಸುತ್ತೇನೆ. ಗಂಡ ಹೆಂಡತಿ ಇಬ್ಬರೂ ಕೆಲಸದಲ್ಲಿದ್ದರು. ತಿಂಗಳಿಗೆ 24,000 ರೂಪಾಯಿ ಬಾಡಿಗೆ, 1,50,000 ರೂಪಾಯಿ ಅಡ್ವಾನ್ಸ್, ಜೂನ್ ಒಂದರಿಂದ ಹನ್ನೊಂದು ತಿಂಗಳ ಕರಾರು, ಬಿಡುವುದಾದರೆ ಎರಡು ತಿಂಗಳ ನೋಟಿಸ್, ಪೇಂಟಿಂಗಿಗೆ ಒಂದು ತಿಂಗಳ ಬಾಡಿಗೆ. ಗಂಡನಿಗೆ ಪುಣೆಗೆ ವರ್ಗವಾಯಿತು. ಮೈಸೂರಿನಲ್ಲಿದ್ದ ಮಾಲೀಕರಿಗೆ ಹೆಂಡತಿ ಸೆಪ್ಟೆಂಬರ್ 22ರಂದು, "ಅಂಕಲ್, ಮುಂದಿನ ತಿಂಗಳು ಮನೆ ಖಾಲಿ ಮಾಡ್ತಿದ್ದೀವಿ" ಎಂದು ವಾಟ್ಸಾಪ್ ಮಾಡಿದರು. ಮಾಲೀಕರಿಂದ ಬಂದ ಉತ್ತರ ಕೈಮುಗಿದ ಒಂದು ಚಿತ್ರ, ಅಷ್ಟೇ. ಅಕ್ಟೋಬರ್ 10ಕ್ಕೆ ಸಾಮಾನಿನ ಲಾರಿ ಹೊರಟಿತು. ಬೀಗದ ಕೈಯನ್ನು ಮೇಲಿನ ಮನೆಯವರ ಕೈಗೆ ಕೊಟ್ಟು, ಅಕ್ಟೋಬರ್ ಬಾಡಿಗೆಯನ್ನು ಅಡ್ವಾನ್ಸಿನಲ್ಲಿ ಹಿಡಿದುಕೊಳ್ಳಲಿ ಎಂದುಕೊಂಡು ಇಬ್ಬರೂ ಹೊರಟರು. ಮಾಲೀಕರು ಬೆಂಗಳೂರಿಗೆ ಬಂದದ್ದು ಡಿಸೆಂಬರಿನ ಕೊನೆಯಲ್ಲಿ. ಅವರು ಹಾಕಿದ ಲೆಕ್ಕದಲ್ಲಿ ಅಕ್ಟೋಬರ್, ನವೆಂಬರ್, ಡಿಸೆಂಬರ್ ತಿಂಗಳ ಬಾಡಿಗೆ 72,000, ನೋಟಿಸ್ ಅವಧಿಯ ಎರಡು ತಿಂಗಳ ಬಾಡಿಗೆ 48,000, ಪೇಂಟಿಂಗಿಗೆ 24,000, ಒಟ್ಟು 1,44,000. ದಂಪತಿಗೆ ಮರಳಿ ಬರಬೇಕಾದದ್ದು ಆರು ಸಾವಿರ.

ಈ ಲೆಕ್ಕದಲ್ಲಿ ತಪ್ಪು ಎಲ್ಲಿದೆ, ಸರಿ ಎಷ್ಟಿದೆ ಎಂಬುದನ್ನು ಆಮೇಲೆ ಹೇಳುತ್ತೇನೆ. ಮೊದಲು ಗಮನಿಸಬೇಕಾದದ್ದು, ಲಾರಿ ಹೊರಟ ದಿನವೇ ಬಾಡಿಗೆ ನಿಂತಿತು ಎಂದು ದಂಪತಿ ನಂಬಿದ್ದರು. ತಾವು ಬಂದು ಬಾಗಿಲು ತೆರೆದ ದಿನದವರೆಗೂ ಬಾಡಿಗೆ ಓಡುತ್ತಿತ್ತು ಎಂದು ಮಾಲೀಕರು ನಂಬಿದ್ದರು. ಮನೆ ಬಿಡುವುದು ಒಂದು, ಕರಾರು ಮುಗಿಯುವುದು ಇನ್ನೊಂದು. ಅವಧಿಗೆ ಮೊದಲು ಮನೆ ಬಿಡುವವರ ಕಷ್ಟಗಳಲ್ಲಿ ಬಹುಪಾಲು ಈ ಎರಡು ದಿನಗಳ ನಡುವಿನ ಅಂತರದಲ್ಲೇ ಹುಟ್ಟುತ್ತದೆ.

ನಮ್ಮ ಬಾಡಿಗೆ ಸಂಬಂಧಗಳಿಗೆ ಮೂಲವಾಗಿರುವುದು 1882ರ ಸ್ವತ್ತು ವರ್ಗಾವಣೆ ಕಾಯ್ದೆ. 1999ರ ಕರ್ನಾಟಕ ಬಾಡಿಗೆ ಕಾಯ್ದೆಯೂ ಇದೆಯಲ್ಲ ಎಂದು ಕೆಲವರು ಕೇಳುತ್ತಾರೆ. ಇದೆ, ಆದರೆ ಬೆಂಗಳೂರಿನಂಥ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯ ಮನೆಗಳಿಗೆ ಅದು ಅನ್ವಯಿಸುವುದಿಲ್ಲ, ಮತ್ತು ಇಂದು ಈ ನಗರದಲ್ಲಿ ಆ ಮಿತಿಯೊಳಗೆ ಸಿಗುವ ಮನೆಗಳು ಎಷ್ಟು ಎಂಬುದು ನಿಮಗೆಲ್ಲ ಗೊತ್ತು. ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸ್ ಕೇಳುವಂತಿಲ್ಲ ಎಂದು ಪತ್ರಿಕೆಗಳಲ್ಲಿ ಬಂದ ಸುದ್ದಿ 2021ರಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯದು. ಹೆಸರೇ ಹೇಳುವಂತೆ ಅದು ಮಾದರಿ. ರಾಜ್ಯವೊಂದು ತನ್ನ ಶಾಸನವಾಗಿ ತಂದುಕೊಳ್ಳದೆ ಅದನ್ನು ಮುಂದೆ ಹಿಡಿದು ಮಾಲೀಕರೊಡನೆ ವಾದ ಮಾಡಲು ಬರುವುದಿಲ್ಲ. ಆದ್ದರಿಂದ ಉಳಿಯುವುದು 1882ರ ಕಾಯ್ದೆ, 1872ರ ಕರಾರು ಕಾಯ್ದೆ, ಮತ್ತು ಎಲ್ಲಕ್ಕಿಂತ ಮುಖ್ಯವಾಗಿ ನೀವು ಓದದೆ ಸಹಿ ಮಾಡಿದ ಆ ಕರಾರು ಪತ್ರ.

ಸ್ವತ್ತು ವರ್ಗಾವಣೆ ಕಾಯ್ದೆಯ ಕಲಂ 106ರ ಪ್ರಕಾರ, ಬೇರೆ ಒಪ್ಪಂದವಿಲ್ಲದಿದ್ದರೆ ವಾಸದ ಮನೆಯ ಬಾಡಿಗೆಯನ್ನು ತಿಂಗಳಿಂದ ತಿಂಗಳಿಗೆ ನಡೆಯುವ ಬಾಡಿಗೆ ಎಂದು ಭಾವಿಸಲಾಗುತ್ತದೆ, ಮತ್ತು ಯಾವ ಪಕ್ಷದವರಾದರೂ 15 ದಿನಗಳ ನೋಟಿಸ್ ಕೊಟ್ಟು ಅದನ್ನು ಕೊನೆಗಾಣಿಸಬಹುದು. ಹಿಂದೆ ಈ ನೋಟಿಸಿನ ಅವಧಿ ಬಾಡಿಗೆ ತಿಂಗಳ ಕೊನೆಗೇ ಮುಗಿಯಬೇಕು ಎಂಬ ನಿಯಮವಿತ್ತು. ಒಂದು ದಿನ ಹೆಚ್ಚುಕಡಿಮೆಯಾದರೂ ದಾವೆ ಬಿದ್ದುಹೋಗುತ್ತಿತ್ತು. 2002ರ ಕೊನೆಯಲ್ಲಿ ಜಾರಿಗೆ ಬಂದ ತಿದ್ದುಪಡಿ ಆ ಗೋಜನ್ನು ತೆಗೆದುಹಾಕಿತು. ಈಗ ನೋಟಿಸ್ ತಲುಪಿದ ದಿನದಿಂದ ಎಣಿಕೆ. ಆದರೆ "ಬೇರೆ ಒಪ್ಪಂದವಿಲ್ಲದಿದ್ದರೆ" ಎಂಬ ಮಾತನ್ನು ಮರೆಯಬಾರದು. ಕರಾರಿನಲ್ಲಿ ಎರಡು ತಿಂಗಳು ಎಂದು ಬರೆದಿದ್ದರೆ ಎರಡು ತಿಂಗಳೇ. ಕಾನೂನಿನಲ್ಲಿ ಹದಿನೈದೇ ದಿನವಂತೆ ಎಂದು ಅಂತರ್ಜಾಲದಲ್ಲಿ ಓದಿಕೊಂಡು ಬರುವವರಿಗೆ ನಾನು ಮೊದಲು ಕೇಳುವುದು ಕರಾರಿನ ಜೆರಾಕ್ಸ್ ಪ್ರತಿಯನ್ನು.

ಇಲ್ಲಿ ಹನ್ನೊಂದು ತಿಂಗಳ ವಿಚಾರವನ್ನು ಸ್ವಲ್ಪ ಬಿಡಿಸಿ ನೋಡಬೇಕು. ಒಂದು ವರ್ಷ ಮೀರಿದ ಅವಧಿಯ ಬಾಡಿಗೆ ಕರಾರನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಲೇಬೇಕು ಎಂದು ಸ್ವತ್ತು ವರ್ಗಾವಣೆ ಕಾಯ್ದೆಯ ಕಲಂ 107ರಲ್ಲೂ 1908ರ ನೋಂದಣಿ ಕಾಯ್ದೆಯ ಕಲಂ 17ರಲ್ಲೂ ಹೇಳಿದೆ. ಆ ಖರ್ಚು, ಓಡಾಟ ತಪ್ಪಲಿ ಎಂದೇ ನಮ್ಮಲ್ಲಿ ಹನ್ನೊಂದು ತಿಂಗಳು ರೂಢಿಗೆ ಬಂತು. ಹಾಗಾದರೆ ಮೂರು ವರ್ಷಕ್ಕೆಂದು ಇ-ಸ್ಟಾಂಪ್ ಕಾಗದದ ಮೇಲೆ ಬರೆಸಿ ನೋಂದಣಿ ಮಾಡಿಸದೆ ಬಿಟ್ಟ ಕರಾರಿನ ಗತಿ ಏನು? ಕೇರಳದಿಂದ ಬಂದ ಆಂಟನಿ ವಿರುದ್ಧ ಕೆ.ಸಿ. ಇಟ್ಟೂಪ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 2000ದಲ್ಲಿ ಇಂಥದೇ ಪ್ರಶ್ನೆಗೆ ಉತ್ತರ ಕೊಟ್ಟಿದೆ: ಅಲ್ಲಿ ಐದು ವರ್ಷದ ಪತ್ರ ನೋಂದಣಿಯಾಗಿರಲಿಲ್ಲವಾದ್ದರಿಂದ ಐದು ವರ್ಷದ ಕರಾರಾಗಿ ಅದು ನಿಲ್ಲಲಿಲ್ಲ, ಆದರೆ ಸ್ವಾಧೀನ ಕೊಟ್ಟು ಬಾಡಿಗೆ ಪಡೆಯುತ್ತ ಬಂದ ನಡವಳಿಕೆಯಿಂದ ತಿಂಗಳ ಬಾಡಿಗೆಯ ಸಂಬಂಧ ಹುಟ್ಟಿತು. ಅಂದರೆ ನೋಂದಣಿಯಿಲ್ಲದ ಮೂರು ವರ್ಷದ ಪತ್ರ ತೋರಿಸಿ "ಇನ್ನೂ ಇಪ್ಪತ್ತು ತಿಂಗಳ ಬಾಡಿಗೆ ಕಟ್ಟಿ" ಎನ್ನುವ ಮಾಲೀಕರ ಕೈ ಬಲವಾಗಿಲ್ಲ. ಅದೇ ಪತ್ರ ನೋಂದಣಿಯಾಗಿದ್ದು, ಮಧ್ಯದಲ್ಲಿ ಬಿಡಲು ಬಾಡಿಗೆದಾರನಿಗೆ ಅವಕಾಶ ಕೊಡುವ ಷರತ್ತು ಅದರಲ್ಲಿ ಇಲ್ಲದಿದ್ದರೆ ಪರಿಸ್ಥಿತಿ ತಿರುಗಿ ಬೀಳುತ್ತದೆ. ಆಗ ಕಲಂ 106ರ ಹದಿನೈದು ದಿನದ ನೋಟಿಸ್ ಕೊಟ್ಟು ಹೊರಡುವ ಹಕ್ಕು ಬಾಡಿಗೆದಾರನಿಗಿಲ್ಲ. ಮಾಲೀಕರು ಒಪ್ಪಬೇಕು, ಇಲ್ಲವೇ ಕರಾರು ಮುರಿದದ್ದಕ್ಕೆ ಉತ್ತರ ಹೇಳಬೇಕು.

ಇನ್ನೊಂದು ವರ್ಗದವರು ಇದ್ದೀರಿ, ಮತ್ತು ನನ್ನ ಅಂದಾಜಿನಲ್ಲಿ ಈ ಸಭೆಯಲ್ಲಿ ಹೆಚ್ಚಿನವರು ನೀವೇ. ಹನ್ನೊಂದು ತಿಂಗಳ ಕರಾರು ಎಂದೋ ಮುಗಿದಿದೆ, ಹೊಸದು ಬರೆಸಿಲ್ಲ, ಬಾಡಿಗೆ ಮಾತ್ರ ವರ್ಷಕ್ಕೊಮ್ಮೆ ಏರುತ್ತ ಪ್ರತಿ ತಿಂಗಳು ಹೋಗುತ್ತಿದೆ, ಮಾಲೀಕರು ಪಡೆಯುತ್ತಿದ್ದಾರೆ. ಕಲಂ 116ರ ಪ್ರಕಾರ ನೀವು ತಿಂಗಳ ಬಾಡಿಗೆದಾರರಾಗಿ ಮುಂದುವರಿದಿದ್ದೀರಿ. ನಿಮ್ಮ ಮಟ್ಟಿಗೆ "ಅವಧಿಗೆ ಮೊದಲು" ಎಂಬ ಪ್ರಶ್ನೆಯೇ ಇಲ್ಲ, ಇಷ್ಟು ತಿಂಗಳು ಬಿಡುವಂತಿಲ್ಲ ಎಂಬ ಹಳೆಯ ಲಾಕ್-ಇನ್ ಷರತ್ತು ಮುಗಿದ ಕಥೆ. ಆದರೂ ಹಳೆಯ ಪತ್ರದಲ್ಲಿ ಎರಡು ತಿಂಗಳ ನೋಟಿಸ್ ಎಂದಿದ್ದರೆ ಅಷ್ಟನ್ನು ಕೊಟ್ಟುಬಿಡುವುದು ಲೇಸು ಎಂದು ನಾನು ಸಲಹೆ ಕೊಡುತ್ತೇನೆ, ಏಕೆಂದರೆ ಆ ಷರತ್ತು ಉಳಿದಿದೆಯೋ ಇಲ್ಲವೋ ಎಂಬ ವಾದವನ್ನು ನಿಮ್ಮ ಅಡ್ವಾನ್ಸ್ ಇನ್ನೂ ಮಾಲೀಕರ ಕೈಯಲ್ಲಿರುವಾಗ ಮಾಡುವುದು ಜಾಣತನವಲ್ಲ.

ಲಾಕ್-ಇನ್ ಎಂಬ ಪದ ಬಂದಿತು. ಮೊದಲ ಆರು ತಿಂಗಳು ಬಿಡುವಂತಿಲ್ಲ, ಬಿಟ್ಟರೆ ಉಳಿದ ತಿಂಗಳ ಬಾಡಿಗೆ ಕಟ್ಟಬೇಕು, ಅಥವಾ ಅಡ್ವಾನ್ಸ್ ಪೂರ್ತಿ ಮುಟ್ಟುಗೋಲು ಎಂಬ ಷರತ್ತು ಈಗ ಅಪಾರ್ಟ್‌ಮೆಂಟ್ ಕರಾರುಗಳಲ್ಲಿ ಸಾಮಾನ್ಯವಾಗಿದೆ. ಸಹಿ ಮಾಡಿದ ಮೇಲೆ ಅಷ್ಟೂ ಕೊಡಲೇಬೇಕೇ? ಕರಾರು ಕಾಯ್ದೆಯ ಕಲಂ 74 ಹೇಳುವುದು ಹೀಗೆ: ಕರಾರು ಮುರಿದರೆ ಇಷ್ಟು ಎಂದು ಪತ್ರದಲ್ಲಿ ಮೊತ್ತ ಬರೆದಿದ್ದರೆ, ಆ ಮೊತ್ತ ಗರಿಷ್ಠ ಮಿತಿ, ಅದರೊಳಗೆ ನ್ಯಾಯವಾದ ಪರಿಹಾರವೆಷ್ಟೋ ಅಷ್ಟು ಮಾತ್ರ ಸಿಗತಕ್ಕದ್ದು. ಫತೇಚಂದ್ ವಿರುದ್ಧ ಬಾಲಕಿಶನ್ ದಾಸ್ ಪ್ರಕರಣದಲ್ಲಿ 1963ರಲ್ಲಿ ಸರ್ವೋಚ್ಚ ನ್ಯಾಯಾಲಯ ಇದನ್ನು ವಿಸ್ತಾರವಾಗಿ ವಿವರಿಸಿತು. 2015ರಲ್ಲಿ ಕೈಲಾಶ್ ನಾಥ್ ಅಸೋಸಿಯೇಟ್ಸ್ ಪ್ರಕರಣದಲ್ಲಿ, ನಷ್ಟವೇ ಆಗದಿದ್ದರೆ ಈ ಕಲಮಿನಡಿ ಪರಿಹಾರವೂ ಇಲ್ಲ ಎಂದು ಇನ್ನಷ್ಟು ಸ್ಪಷ್ಟಪಡಿಸಿತು. ಕಲಂ 73ರ ವಿವರಣೆಯಲ್ಲಿ ಇನ್ನೊಂದು ಮಾತಿದೆ: ನಷ್ಟದ ಲೆಕ್ಕ ಹಾಕುವಾಗ ಅದನ್ನು ಸರಿಪಡಿಸಿಕೊಳ್ಳಲು ನೊಂದವನಿಗಿದ್ದ ದಾರಿಗಳನ್ನೂ ಗಮನಿಸಬೇಕು. ಬಾಡಿಗೆಯ ಭಾಷೆಗೆ ತಂದರೆ, ಟು-ಲೆಟ್ ಬೋರ್ಡು ಹಾಕಿ ಮರು ತಿಂಗಳ ಒಂದನೇ ತಾರೀಖಿಗೆ ಹೊಸಬರನ್ನು ಇಟ್ಟುಕೊಂಡ ಮಾಲೀಕರು ಅದೇ ತಿಂಗಳ ಬಾಡಿಗೆಯನ್ನು ಹಳಬರಿಂದಲೂ ಪಡೆಯುವಂತಿಲ್ಲ. ಹಾಗೆಂದು ಮಾಲೀಕರ ಕಷ್ಟ ಸುಳ್ಳೆಂದಲ್ಲ. ಜೂನ್ ಕೊನೆಯಲ್ಲಿ ಮನೆ ಖಾಲಿಯಾಯಿತೆನ್ನಿ, ಆಷಾಢದಲ್ಲಿ ಹಾಲು ಉಕ್ಕಿಸುವವರು ಯಾರು? ಶ್ರಾವಣದವರೆಗೆ ಮನೆ ಖಾಲಿ ಬಿದ್ದಿರುವುದು ನಿಜವಾದ ನಷ್ಟ, ಮತ್ತು ನಾನು ಮಾಲೀಕರ ಪರ ಇದ್ದರೆ ಅದನ್ನೇ ಮೊದಲು ಹೇಳುತ್ತೇನೆ.

ಆದರೆ ಇಲ್ಲಿ ಬಹಳ ಜನ ಎಡವುವ ಒಂದು ಸೂಕ್ಷ್ಮವಿದೆ. ನಷ್ಟ, ಪರಿಹಾರ, ಹೊಸ ಬಾಡಿಗೆದಾರನನ್ನು ಹುಡುಕುವ ಕರ್ತವ್ಯ ಇವೆಲ್ಲ ಬರುವುದು ಕರಾರು ಮುಗಿದ ಮೇಲೆ. ಕರಾರು ಜೀವಂತವಾಗಿರುವವರೆಗೆ ಮಾಲೀಕರು ಕೇಳುತ್ತಿರುವುದು ಪರಿಹಾರವಲ್ಲ, ಬಾಡಿಗೆ. ಅದು ನೇರ ಸಾಲ. ಬೀಗ ಹಾಕಿ, ಬೀಗದ ಕೈಯನ್ನು ಜೇಬಿನಲ್ಲಿಟ್ಟುಕೊಂಡು ಪುಣೆಗೆ ಹೋದವನು ಕಾನೂನಿನ ಕಣ್ಣಿನಲ್ಲಿ ಇನ್ನೂ ಆ ಮನೆಯ ಬಾಡಿಗೆದಾರನೇ. ಕಲಂ 108ರಲ್ಲಿ ಬಾಡಿಗೆದಾರನ ಹೊಣೆಗಳ ಪಟ್ಟಿಯ ಕೊನೆಗೆ ಬರುವುದೇ ಇದು: ಬಾಡಿಗೆ ಮುಗಿದಾಗ ಸ್ವತ್ತಿನ ಸ್ವಾಧೀನವನ್ನು ಮಾಲೀಕರಿಗೆ ಒಪ್ಪಿಸಬೇಕು. ಒಪ್ಪಿಸುವುದು ಎಂದರೆ ಬಿಟ್ಟುಹೋಗುವುದಲ್ಲ. ಇಬ್ಬರೂ ಒಪ್ಪಿ ಅವಧಿಗೆ ಮೊದಲೇ ಬಾಡಿಗೆಯನ್ನು ಮುಗಿಸಿಕೊಳ್ಳುವುದನ್ನು ಕಲಂ 111 ಮಾನ್ಯ ಮಾಡುತ್ತದೆ. ಆ ಒಪ್ಪಿಗೆ ಮಾತಿನಲ್ಲೂ ಇರಬಹುದು, ನಡತೆಯಲ್ಲೂ ಇರಬಹುದು. ಮಾಲೀಕರು ಬೀಗದ ಕೈ ಪಡೆದು, ಒಳಗೆ ನೋಡಿ, ಬೇರೆಯವರಿಗೆ ಮನೆ ತೋರಿಸಲು ಆರಂಭಿಸಿದರೆ ಅದೇ ಒಪ್ಪಿಗೆಯ ನಡತೆ.

ಈಗ ಆ ದಂಪತಿಯ ಲೆಕ್ಕಕ್ಕೆ ಮರಳೋಣ. ಮೇಲಿನ ಮನೆಯವರು ಮಾಲೀಕರ ಏಜೆಂಟರಲ್ಲ, ಆದ್ದರಿಂದ ಅವರ ಕೈಗೆ ಬೀಗದ ಕೈ ಕೊಟ್ಟದ್ದು ಸ್ವಾಧೀನ ಒಪ್ಪಿಸಿದಂತಾಗಲಿಲ್ಲ. ಅಕ್ಟೋಬರ್ 10ಕ್ಕೇ ಎಲ್ಲ ಮುಗಿಯಿತು ಎಂಬ ದಂಪತಿಯ ವಾದ ಅಲ್ಲಿಗೆ ಬಿತ್ತು. ಆದರೆ ಸೆಪ್ಟೆಂಬರ್ 22ರ ಸಂದೇಶ ತಲುಪಿದೆ ಎಂಬುದಕ್ಕೆ ಮಾಲೀಕರೇ ಕೈಮುಗಿದು ಸಾಕ್ಷಿ ಕೊಟ್ಟಿದ್ದರು. ಅಲ್ಲಿಂದ ಎರಡು ತಿಂಗಳು ನವೆಂಬರ್ 21ಕ್ಕೆ ತುಂಬುತ್ತದೆ. ಇನ್ನು ಮಾಲೀಕರ ಪಟ್ಟಿಯಲ್ಲಿದ್ದ ದೊಡ್ಡ ದೋಷವೆಂದರೆ ಒಂದೇ ಕಾಲಕ್ಕೆ ಎರಡು ಸಲ ಹಣ: ಅಕ್ಟೋಬರ್, ನವೆಂಬರ್ ತಿಂಗಳುಗಳ ಬಾಡಿಗೆ ಹಿಡಿದ ಮೇಲೆ, ನೋಟಿಸ್ ಅವಧಿಯೆಂದು ಅದೇ ಎರಡು ತಿಂಗಳ ಹಣವನ್ನು ಮತ್ತೆ ಹಿಡಿಯಲು ಬರುವುದಿಲ್ಲ. ಕೊನೆಗೆ ನವೆಂಬರ್ ಪೂರ್ತಿ ಬಾಡಿಗೆ ಎಂದು ಒಪ್ಪಿ, 48,000 ಬಾಡಿಗೆ, 24,000 ಪೇಂಟಿಂಗ್ ಕಳೆದು 78,000 ರೂಪಾಯಿ ಮರಳಿ ಬಂತು. ಡಿಸೆಂಬರಿನ ಬಾಡಿಗೆಯನ್ನು ಮಾಲೀಕರು ಬಿಟ್ಟರು. ನ್ಯಾಯಾಲಯದ ಮೆಟ್ಟಿಲು ಹತ್ತಲಿಲ್ಲ. ಎರಡು ಫೋನ್ ಕರೆ, ಒಂದು ಪತ್ರ.

ಪೇಂಟಿಂಗಿನ ವಿಚಾರದಲ್ಲಿ ಸಿಟ್ಟಾಗುವವರು ಬಹಳ. ಕಲಂ 108ರ ಪ್ರಕಾರ ಬಾಡಿಗೆದಾರನು ಮನೆಯನ್ನು ಪಡೆದ ಸ್ಥಿತಿಯಲ್ಲೇ ಮರಳಿಸಬೇಕು, ಆದರೆ ಸಹಜ ಬಳಕೆಯಿಂದ ಆಗುವ ಸವೆತಕ್ಕೆ ಅವನು ಹೊಣೆಯಲ್ಲ. ಒಗ್ಗರಣೆಯ ಹೊಗೆಗೆ ಮಾಸಿದ ಅಡುಗೆಮನೆಯ ಗೋಡೆ ಸಹಜ ಸವೆತ. ರುಬ್ಬುವ ಕಲ್ಲು ಬಿದ್ದು ಒಡೆದ ಗ್ರಾನೈಟ್ ಕಟ್ಟೆ ಹಾನಿ. ಕರಾರಿನಲ್ಲಿ ಒಂದು ತಿಂಗಳ ಬಾಡಿಗೆ ಪೇಂಟಿಂಗಿಗೆ ಎಂದು ಸಹಿ ಮಾಡಿದ್ದರೆ ನಾಲ್ಕು ತಿಂಗಳಿದ್ದು ಬಿಟ್ಟರೂ ಅದನ್ನು ಹಿಡಿಯುತ್ತಾರೆ. ನನಗೆ ಇದು ನ್ಯಾಯವೆನಿಸುವುದಿಲ್ಲ. ಆದರೆ ಅದಕ್ಕಾಗಿ ದಾವೆ ಹೂಡಿದರೆ ವಕೀಲರ ಶುಲ್ಕವೇ ಬಣ್ಣದ ಖರ್ಚನ್ನು ಮೀರುತ್ತದೆ. ಸಹಿ ಮಾಡುವ ಮೊದಲೇ "ಒಂದು ವರ್ಷ ಮೀರಿ ವಾಸವಿದ್ದರೆ" ಎಂಬ ಮಾತನ್ನು ಸೇರಿಸಿಕೊಳ್ಳಿ. ಅಡ್ವಾನ್ಸಿನಲ್ಲಿ ಕೊನೆಯ ತಿಂಗಳುಗಳ ಬಾಡಿಗೆ ಹಿಡಿದುಕೊಳ್ಳಿ ಎನ್ನುವುದೂ ಮಾಲೀಕರು ಒಪ್ಪಿದರೆ ಮಾತ್ರ. ಅಡ್ವಾನ್ಸ್ ಇರುವುದು ಭದ್ರತೆಗೆ.

ಕಷ್ಟಕಾಲದಲ್ಲಿ ಕಾನೂನು ಕೈಹಿಡಿಯುವುದಿಲ್ಲವೇ ಎಂಬ ಪ್ರಶ್ನೆ 2020ರಲ್ಲಿ ಬಹಳ ಕೇಳಿಬಂತು. ಲಾಕ್‌ಡೌನಿನಲ್ಲಿ ಕೆಲಸ ಕಳೆದುಕೊಂಡು ಊರಿಗೆ ಹೋದವರು, ಕರಾರು ನೆರವೇರಿಸುವುದು ಅಸಾಧ್ಯವಾಯಿತು ಎಂದು ಕರಾರು ಕಾಯ್ದೆಯ ಕಲಂ 56ನ್ನು ಹಿಡಿದು ಬಂದರು. ಅದು ಬಾಡಿಗೆಗೆ ಅನ್ವಯಿಸುವುದಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯ 1968ರಲ್ಲೇ ರಾಜಾ ಧ್ರುವ್ ದೇವ್ ಚಂದ್ ಪ್ರಕರಣದಲ್ಲಿ ಹೇಳಿತ್ತು. ಅದು ದೇಶವಿಭಜನೆಯ ಕಾಲದ ಪಂಜಾಬಿನ ಜಮೀನಿನ ಗುತ್ತಿಗೆ. ಗಡಿಯಾಚೆ ಉಳಿದುಹೋದ ಜಮೀನಿಗೆ ಕೊಟ್ಟ ಹಣವನ್ನೂ ಗುತ್ತಿಗೆದಾರ ಮರಳಿ ಪಡೆಯಲಾಗಲಿಲ್ಲ. 2020ರ ಮೇ ತಿಂಗಳಲ್ಲಿ ದೆಹಲಿ ಉಚ್ಚ ನ್ಯಾಯಾಲಯವೂ ಖಾನ್ ಮಾರ್ಕೆಟ್ಟಿನ ಅಂಗಡಿಯೊಂದರ ಪ್ರಕರಣದಲ್ಲಿ ಬಾಡಿಗೆ ಕಟ್ಟುವುದನ್ನು ತಡೆಹಿಡಿಯಲು ಒಪ್ಪಲಿಲ್ಲ. ಸ್ವತ್ತು ವರ್ಗಾವಣೆ ಕಾಯ್ದೆಯಲ್ಲೇ ಒಂದು ಕಿಂಡಿಯಿದೆ: ಬೆಂಕಿ, ಬಿರುಗಾಳಿ, ಪ್ರವಾಹದಂಥವುಗಳಿಂದ ಮನೆಯ ಮುಖ್ಯ ಭಾಗ ನಾಶವಾದರೆ, ಇಲ್ಲವೇ ವಾಸಕ್ಕೆ ಗಣನೀಯವಾಗಿ ಮತ್ತು ಶಾಶ್ವತವಾಗಿ ಅಯೋಗ್ಯವಾದರೆ, ಬಾಡಿಗೆದಾರನು ಬೇಕೆಂದರೆ ಕರಾರನ್ನು ಅಲ್ಲಿಗೇ ಮುಗಿಸಬಹುದು. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು, ಯಮಲೂರಿನ ಕಡೆ ಮನೆಗಳಿಗೆ ನೀರು ನುಗ್ಗಿದಾಗ ಹಲವರು ಈ ಕಲಮನ್ನು ನೆನೆದರು. ಎರಡು ದಿನ ನಿಂತು ಇಳಿದ ನೀರು "ಶಾಶ್ವತ" ಆಗುವುದು ಕಷ್ಟ. ಅಂಥ ಸಂದರ್ಭದಲ್ಲಿ ಕಲಮಿಗಿಂತ ಮಾಲೀಕರೊಡನೆ ಕುಳಿತು ಆಡುವ ಮಾತೇ ಹೆಚ್ಚು ದೂರ ಹೋಗುತ್ತದೆ.

ಭೋಗ್ಯದ ಮನೆಗಳ ವಿಚಾರ ಬೇರೆಯೇ. ನಮ್ಮ ನಗರದಲ್ಲಿ "ಲೀಸಿಗೆ" ಎಂದು ಕರೆಯುವ ಈ ಪದ್ಧತಿಯಲ್ಲಿ ತಿಂಗಳ ಬಾಡಿಗೆಯಿಲ್ಲ. ಹತ್ತು ಹದಿನೈದು ಲಕ್ಷ ಒಟ್ಟಿಗೆ ಕೊಟ್ಟು, ಎರಡು ಮೂರು ವರ್ಷ ವಾಸವಿದ್ದು, ಬಿಡುವಾಗ ಅಷ್ಟೂ ಹಣ ಮರಳಿ ಪಡೆಯಬೇಕು. ಇಲ್ಲಿ ಅವಧಿಗೆ ಮೊದಲು ಬಿಡುವವನ ತಲೆನೋವು ತಾನು ಕೊಡಬೇಕಾದದ್ದಲ್ಲ, ತನಗೆ ಬರಬೇಕಾದದ್ದು. ಮಾಲೀಕರು ಆ ಹಣವನ್ನು ಮಗಳ ಮದುವೆಗೋ ಇನ್ನೊಂದು ಸೈಟಿಗೋ ಹಾಕಿರುತ್ತಾರೆ, ಮುಂದಿನ ಭೋಗ್ಯದವರು ಬಂದು ಹಣ ಕೊಟ್ಟರೆ ಮಾತ್ರ ಹಿಂದಿನವರಿಗೆ ಹಣ. ಈ ಪತ್ರಗಳು ಬಹುಮಟ್ಟಿಗೆ ನೋಂದಣಿಯಾಗದೆ ನೋಟರಿಯ ಮುದ್ರೆಯಲ್ಲೇ ನಿಂತಿರುತ್ತವೆ. ಆದ್ದರಿಂದ ನೋಟಿಸ್ ಕೊಡಿ, ಅವಧಿ ಕಾಯಿರಿ, ಆದರೆ ಹಣ ಖಾತೆಗೆ ಬೀಳುವ ಮೊದಲು ಬೀಗದ ಕೈ ಬಿಡಬೇಡಿ. ಬಾಡಿಗೆ ಮನೆಯವರಿಗೆ ನಾನು ಕೊಡುವ ಸಲಹೆಗೆ ಇದು ತದ್ವಿರುದ್ಧ ಎಂಬುದು ನನಗೆ ಗೊತ್ತು.

ಸಣ್ಣ ಹೊಣೆಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಬೆಸ್ಕಾಂ ಬಿಲ್ಲನ್ನು ಬಿಡುವ ದಿನದ ಮೀಟರ್ ಓದಿನವರೆಗೆ ಕಟ್ಟಿ, ಮೀಟರಿನ ಫೋಟೋ ತೆಗೆದುಕೊಳ್ಳಿ. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಗೆ ನಿಮ್ಮ ಆಧಾರ್ ಸಂಖ್ಯೆಯನ್ನು ಆ ಮನೆಯ ವಿದ್ಯುತ್ ಸಂಪರ್ಕದ ಆರ್‌ಆರ್ ಸಂಖ್ಯೆಗೆ ಜೋಡಿಸಿದ್ದರೆ ಬಿಡಿಸಿಕೊಳ್ಳಿ, ಇಲ್ಲದಿದ್ದರೆ ಹೊಸ ಮನೆಯಲ್ಲಿ ತೊಡಕಾಗುತ್ತದೆ. ತಿಂಗಳ ಬಾಡಿಗೆ 50,000 ರೂಪಾಯಿ ಮೀರಿದ್ದರೆ ಆದಾಯ ತೆರಿಗೆಯ ಟಿಡಿಎಸ್ (ಬಾಡಿಗೆ ಕೊಡುವಾಗಲೇ ಅದರಲ್ಲಿ ಮುರಿದುಕೊಂಡು ಸರ್ಕಾರಕ್ಕೆ ಕಟ್ಟುವ ತೆರಿಗೆ) ಹಿಡಿಯುವ ಹೊಣೆ ಬಾಡಿಗೆದಾರನದು. ವರ್ಷದ ಮಧ್ಯೆ ಮನೆ ಬಿಡುವವರು ಆರ್ಥಿಕ ವರ್ಷದ ಕೊನೆಗೆ ಕಾಯುವಂತಿಲ್ಲ, ಕೊನೆಯ ತಿಂಗಳ ಬಾಡಿಗೆಯಲ್ಲೇ ಹಿಡಿದು ಕಟ್ಟಬೇಕು. ಮಾಲೀಕರು ವಿದೇಶದಲ್ಲಿರುವವರಾದರೆ ನಿಯಮವೂ ದರವೂ ಬೇರೆ, ಲೆಕ್ಕಪರಿಶೋಧಕರನ್ನು ಕೇಳಿ.

ನೋಟಿಸ್ ಎಂದರೆ ದೊಡ್ಡ ದಸ್ತಾವೇಜಲ್ಲ. ಮನೆಯ ವಿಳಾಸ, ಕರಾರಿನ ದಿನಾಂಕ, ಯಾವ ದಿನ ಸ್ವಾಧೀನ ಒಪ್ಪಿಸುತ್ತೀರಿ, ಅಡ್ವಾನ್ಸ್ ಎಷ್ಟು ಬರಬೇಕು, ಕೆಳಗೆ ಸಹಿ. ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀತಿ ಇಟ್ಟುಕೊಳ್ಳಿ. ನಮ್ಮ ಹಳೆಯ ರಿಜಿಸ್ಟರ್ಡ್ ಪೋಸ್ಟ್ 2025ರಲ್ಲಿ ಅದರಲ್ಲೇ ಸೇರಿಹೋಗಿದೆ. ಅದರ ಫೋಟೋವನ್ನು ವಾಟ್ಸಾಪಿನಲ್ಲೂ ಹಾಕಿ. ಬೀಗದ ಕೈ ಕೊಡುವಾಗ ಒಂದು ಹಾಳೆಯಲ್ಲಿ, "ಈ ದಿನ ಇಷ್ಟು ಬೀಗದ ಕೈಗಳೊಡನೆ ಮನೆಯ ಖಾಲಿ ಸ್ವಾಧೀನವನ್ನು ಪಡೆದಿದ್ದೇನೆ" ಎಂದು ಮಾಲೀಕರಿಂದ ಬರೆಸಿಕೊಳ್ಳಿ.

ಸಭಿಕರೊಬ್ಬರು ಕೇಳಿದರು: "ಮಾಲೀಕರು ಬೀಗದ ಕೈ ತೆಗೆದುಕೊಳ್ಳಲು ಒಪ್ಪದಿದ್ದರೆ?" ಹೀಗೆ ಮಾಡುವವರಿದ್ದಾರೆ, ಕೈ ಪಡೆದರೆ ಬಾಡಿಗೆ ನಿಲ್ಲುತ್ತದೆ ಎಂದು ಅವರಿಗೂ ಗೊತ್ತು. ಮನೆ ಖಾಲಿಯಾಗಿದೆ, ಇಂಥ ದಿನ ಇಂಥ ಹೊತ್ತಿಗೆ ಮನೆಯಲ್ಲಿ ಇರುತ್ತೇನೆ, ಬಂದು ಪಡೆಯಿರಿ ಎಂದು ಲಿಖಿತವಾಗಿ ತಿಳಿಸಿ, ಆ ದಿನ ಇಬ್ಬರು ಸಾಕ್ಷಿಗಳೊಡನೆ ಅಲ್ಲಿರಿ, ಖಾಲಿ ಕೋಣೆಗಳ ವಿಡಿಯೋ ತೆಗೆಯಿರಿ. ನಿಮ್ಮ ಪಾಲಿನ ಕೆಲಸವನ್ನು ಸರಿಯಾಗಿ ಮುಂದಿಟ್ಟರೂ ಎದುರಿನವರು ಸ್ವೀಕರಿಸದಿದ್ದರೆ ಅದಕ್ಕೆ ನೀವು ಹೊಣೆಯಲ್ಲ ಎಂದು ಕರಾರು ಕಾಯ್ದೆಯ ಕಲಂ 38 ಹೇಳುತ್ತದೆ. ಅಡ್ವಾನ್ಸ್ ಬಾರದಿದ್ದರೆ ದಾವೆ ಹೂಡಲು ಮೂರು ವರ್ಷ ಕಾಲಾವಕಾಶವಿದೆ.

ಕೊನೆಯ ಪ್ರಶ್ನೆ ಹಿಂದಿನ ಸಾಲಿನಲ್ಲಿ ಕುಳಿತಿದ್ದ ವಯಸ್ಸಾದ ಮಾಲೀಕರೊಬ್ಬರದು: "ನಮ್ಮ ಬಾಡಿಗೆಯವರು ಮೂರು ತಿಂಗಳಿಂದ ಪತ್ತೆಯಿಲ್ಲ, ಫೋನ್ ಎತ್ತೋದಿಲ್ಲ ಸಾರ್, ಬೀಗ ಒಡೀಬಹುದಾ?" ಅಮ್ಮ, ಒಳಗೆ ಅವರ ಸಾಮಾನಿದ್ದರೆ ಒಡೆಯಬೇಡಿ. ಕರಾರಿನಲ್ಲಿರುವ ಅವರ ಊರಿನ ವಿಳಾಸಕ್ಕೂ ಈ ಮನೆಯ ವಿಳಾಸಕ್ಕೂ ಎರಡು ನೋಟಿಸ್ ಕಳಿಸಿ, ಲಕೋಟೆ ಮರಳಿ ಬಂದರೆ ಒಡೆಯದೆ ಹಾಗೇ ಇಟ್ಟುಕೊಳ್ಳಿ, ನೋಟಿಸಿನ ಅವಧಿ ಮುಗಿದ ಮೇಲೆ ಆ ಲಕೋಟೆಗಳ ಸಮೇತ ನನ್ನ ಕಚೇರಿಗೆ ಬನ್ನಿ.